ಬೆಳಗಾವಿಯಲ್ಲಿ ಅವ್ವನ ಲಿವರ್ ಗಡ್ಡೆಗೆ ಕ್ಯಾಥೆಟರ್ ಚಿಕಿತ್ಸೆ: ಬಾಗಿಲ ಒಳಗಿನದು, ಹೊರಗಿನದು

ಕಳೆದ ಒಂಬತ್ತು ತಿಂಗಳಲ್ಲಿ ನಮ್ಮ ಅವ್ವನಿಗೆ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ಸಲ ‘ಟೇಸ್’ ಚಿಕಿತ್ಸೆ ಆಗಿದೆ. ಟ್ರಾನ್ಸ್‌ಆರ್ಟೀರಿಯಲ್ ಕೀಮೋಎಂಬೊಲೈಸೇಶನ್ ಎಂಬುದು ಅದರ ಪೂರ್ಣ ಹೆಸರು. ಹೊಟ್ಟೆ ಕೊಯ್ಯದೆ, ರಕ್ತನಾಳದ ಒಳಗಿಂದ ಕ್ಯಾಥೆಟರ್ ಎಂಬ ತೆಳುವಾದ ನಳಿಕೆಯನ್ನು ಲಿವರ್‌ವರೆಗೆ ಒಯ್ದು, ಕ್ಯಾನ್ಸರ್ ಗಡ್ಡೆಗೆ ರಕ್ತ ತರುವ ಕವಲಿನಲ್ಲಿಯೇ ಔಷಧಿ ಬಿಟ್ಟು, ಆಮೇಲೆ ಆ ಕವಲನ್ನು ಮುಚ್ಚಿಬಿಡುವ ಚಿಕಿತ್ಸೆ ಇದು. ನಾನು ವೈದ್ಯಳಲ್ಲ, ಬಾಗಲಕೋಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಇಲ್ಲಿ ಬರೆದಿರುವುದು ರೋಗಿಯ ಜೊತೆ ಹೋದವಳೊಬ್ಬಳು ಕಂಡದ್ದು ಮತ್ತು ಕೇಳಿ ತಿಳಿದದ್ದು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ನನ್ನ ದೂರುಗಳು ಆ ಒಂದು ಆಸ್ಪತ್ರೆಗೆ ಮಾತ್ರ ಸೇರಿದವೆಂದು ನನಗೆ ಅನ್ನಿಸುವುದಿಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಈ ಚಿಕಿತ್ಸೆ ಮಾಡುವ ‘ಕ್ಯಾಥ್ ಲ್ಯಾಬ್’ ಎಂಬ ಕೋಣೆಯ ಬಾಗಿಲ ಒಳಗೆ ನಡೆದ ಕೆಲಸಕ್ಕೆ ನೂರಕ್ಕೆ ತೊಂಬತ್ತು ಕೊಡಬಲ್ಲೆ, ಬಾಗಿಲ ಹೊರಗೆ ನಡೆದದ್ದಕ್ಕೆ, ಅದರಲ್ಲೂ ಮನೆಗೆ ಕಳಿಸಿದ ರೀತಿಗೆ, ಪಾಸಾಗಲು ಬೇಕಾದಷ್ಟು ಅಂಕವನ್ನೂ ಕೊಡಲಾರೆ.

ಅವ್ವನಿಗೆ 66 ವರ್ಷ. ಗುಳೇದಗುಡ್ಡದವಳು, ನಲವತ್ತು ವರ್ಷ ಖಣದ ಮಗ್ಗದ ಮುಂದೆ ಕೂತವಳು. ಆಕೆಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಬಂಧುಗಳು, ನೆರೆಯವರು, ಆಸ್ಪತ್ರೆಯ ವಾರ್ಡಿನವರು, ಕೊನೆಗೆ ಔಷಧಿ ಅಂಗಡಿಯ ಹುಡುಗ ಕೂಡ ಕೇಳಿದ ಮೊದಲ ಪ್ರಶ್ನೆ ಒಂದೇ: “ಕುಡೀತಿದ್ರೇನ್ರಿ?” ಸೆರೆಯ ವಾಸನೆ ಬಂದರೆ ಓಣಿಯನ್ನೇ ಬದಲಿಸುವ ಹೆಂಗಸಿಗೆ ಈ ಪ್ರಶ್ನೆ ಗಡ್ಡೆಗಿಂತ ಹೆಚ್ಚು ನೋವು ಕೊಟ್ಟಿತು. ನಿಜವಾದ ಕಾರಣ 1991ರಲ್ಲಿತ್ತು. ಆ ವರ್ಷ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾದಾಗ ಅವ್ವನಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2000ದ ನಂತರ. ನಡುವಿನ ಆ ವರ್ಷಗಳಲ್ಲಿ ರಕ್ತ ಹಾಕಿಸಿಕೊಂಡವರಲ್ಲಿ ಕೆಲವರಿಗೆ ವೈರಾಣುವೂ ಜೊತೆಗೇ ಬಂತು. ಅವ್ವನ ಮೈಯಲ್ಲಿ ಅದು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ಕೊರೆದು ಸಿರೋಸಿಸ್ ಮಾಡಿತು, ಅಂದರೆ ಲಿವರ್ ತುಂಬ ಗಾಯದ ಕಲೆಗಳಾದವು; ಸಿರೋಸಿಸ್ ಮೇಲೆ ಗಡ್ಡೆ ಬೆಳೆಯಿತು. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ರಕ್ತ ಪಡೆದ ತಾಯಂದಿರು ನಿಮ್ಮ ಮನೆಯಲ್ಲಿದ್ದರೆ ಒಂದು ಸಲ ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತವಾಗಿವೆ, ಮತ್ತು ಹೆಪಟೈಟಿಸ್ ಸಿ ಇಂದು ಸಾಮಾನ್ಯವಾಗಿ 12 ವಾರಗಳ ಗುಳಿಗೆಯಲ್ಲಿ ವಾಸಿಯಾಗುವ ರೋಗ.

ಗಡ್ಡೆ ಸಿಕ್ಕಿದ್ದು ಆಕಸ್ಮಿಕವಾಗಿ. ಕಾಲು ಬಾತುಕೊಂಡಿದೆಯೆಂದು ಬಾಗಲಕೋಟೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಬಲಭಾಗದಲ್ಲಿ ಆರು ಸೆಂಟಿಮೀಟರಿನದೊಂದು, ಅದರ ಪಕ್ಕದಲ್ಲಿ ಎರಡು ಸೆಂಟಿಮೀಟರಿನದೊಂದು ಕಂಡವು. ಅಲ್ಲಿಂದ ಬೆಳಗಾವಿಗೆ ಬರೆದುಕೊಟ್ಟರು. ಬೆಳಗಾವಿಯಲ್ಲಿ ಮೂರು ಹಂತದ ಸಿ.ಟಿ. ಸ್ಕ್ಯಾನ್ ಆಯಿತು, ತುಂಡು ತೆಗೆದು ಪರೀಕ್ಷಿಸಲಿಲ್ಲ. ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಎಂದು ಹೇಗೆ ಹೇಳುತ್ತಾರೆ ಎಂದು ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು, ಮುಂಬೈಯಲ್ಲಿರುವ ನಮ್ಮ ಕಾಕಾ ಅಂತೂ ಇದು ಮೋಸ ಎಂದೇ ಬಿಟ್ಟರು. ಆದರೆ ಸಿರೋಸಿಸ್ ಇದ್ದವರಲ್ಲಿ ಲಿವರ್‌ನ ಮೂಲ ಕ್ಯಾನ್ಸರ್ ತನ್ನ ಗುರುತನ್ನು ತಾನೇ ಕೊಡುತ್ತದೆ. ಬಣ್ಣದ ಔಷಧಿ ರಕ್ತಕ್ಕೆ ಬಿಟ್ಟ ಮೊದಲ ಕ್ಷಣಗಳಲ್ಲಿ ಗಡ್ಡೆ ಸುತ್ತಲಿನ ಲಿವರ್‌ಗಿಂತ ಬೆಳ್ಳಗೆ ಹೊಳೆಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಸುತ್ತಲಿನ ಲಿವರ್ ಬೆಳಗುತ್ತಿರುವಾಗ ಗಡ್ಡೆ ಮಸುಕಾಗುತ್ತದೆ. ಈ ಎರಡೂ ಚಿಹ್ನೆ ಒಟ್ಟಿಗೆ ಸ್ಪಷ್ಟವಾಗಿ ಸಿಕ್ಕರೆ ಸೂಜಿ ಚುಚ್ಚುವ ಅಗತ್ಯ ಬೀಳುವುದಿಲ್ಲವೆಂಬುದು ಎಲ್ಲೆಡೆ ಒಪ್ಪಿದ ಪದ್ಧತಿ.

ಈ ಹೊಳೆಯುವ ಗುಣಕ್ಕೂ ಟೇಸ್ ಚಿಕಿತ್ಸೆಗೂ ಕಾರಣ ಒಂದೇ. ದೇಹದ ಹೆಚ್ಚಿನ ಅಂಗಗಳಂತಲ್ಲದೆ ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತದೆ: ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಯಕೃತ್ತಿನ ಅಪಧಮನಿಯಿಂದ. ಗಡ್ಡೆ ಮಾತ್ರ ತನ್ನ ಆಹಾರವನ್ನು ಬಹುಮಟ್ಟಿಗೆ ಅಪಧಮನಿಯಿಂದಲೇ ಎಳೆದುಕೊಳ್ಳುತ್ತದೆ. ಈ ಕ್ಯಾಥೆಟರ್ ಚಿಕಿತ್ಸೆ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿ ಡಾಕ್ಟರ್ ಇದನ್ನು ಹೊಲ ಮಾಡುವ ನನ್ನ ತಮ್ಮನಿಗೆ ಹೀಗೆ ಹೇಳಿದರು: “ನಿಮ್ಮ ಹೊಲಕ್ಕ ಘಟಪ್ರಭಾ ಕಾಲುವಿ ನೀರೂ ಐತಿ, ಬೋರಿನ ನೀರೂ ಐತಿ ಅಂತ ತಿಳೀರಿ. ಬೆಳಿ ಕಾಲುವಿ ನೀರ ಕುಡದು ಬದಕ್ತೈತಿ. ಕಸಾ ಬೋರಿನ ನೀರ ಮ್ಯಾಲ ನಿಂತೈತಿ. ನಾವು ಆ ಬೋರಿನ ಪೈಪ ಅಷ್ಟ ಬಂದ್ ಮಾಡ್ತೀವಿ.” ಇಪ್ಪತ್ತು ವರ್ಷ ತರಗತಿಯಲ್ಲಿ ಹೋಲಿಕೆ ಹುಡುಕಿ ಸುಸ್ತಾದ ನನಗೆ ಆ ಡಾಕ್ಟರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ಬೋರು ಮುಚ್ಚುವ ಮೊದಲು ಕಾಲುವೆಯಲ್ಲಿ ನೀರು ಇದೆಯೇ ಎಂದು ನೋಡಬೇಕು. ಗಡ್ಡೆ ಪೋರ್ಟಲ್ ರಕ್ತನಾಳದೊಳಗೇ ನುಗ್ಗಿ ಅದನ್ನು ಕಟ್ಟಿಹಾಕಿದ್ದರೆ ಅಪಧಮನಿಯನ್ನು ಮುಚ್ಚಿದಾಗ ಒಳ್ಳೆಯ ಲಿವರೂ ಒಣಗುವ ಅಪಾಯವಿರುತ್ತದೆ. ಕಾಮಾಲೆ ಏರಿದ್ದರೆ, ಹೊಟ್ಟೆಯಲ್ಲಿ ನೀರು ಹಿಡಿತಕ್ಕೆ ಬಾರದಿದ್ದರೆ, ರೋಗಿ ಮಂಪರಿನಲ್ಲಿದ್ದರೆ ಕೂಡ ಈ ಚಿಕಿತ್ಸೆ ಉಪಕಾರಕ್ಕಿಂತ ಹೆಚ್ಚು ಅಪಕಾರ ಮಾಡಬಲ್ಲದು. ಕಾಮಾಲೆಯ ಅಳತೆಯಾದ ಬಿಲಿರುಬಿನ್ ಅವ್ವನಿಗೆ ಸರಿ ಇತ್ತು, ಲಿವರ್‌ನ ಶಕ್ತಿ ಅಳೆಯುವ ಚೈಲ್ಡ್ ಪದ್ಧತಿಯಲ್ಲಿ ಎಲ್ಲಕ್ಕಿಂತ ಮೇಲಿನ ‘ಎ’ ದರ್ಜೆಯಿತ್ತು, ಪೋರ್ಟಲ್ ನಾಳ ತೆರೆದಿತ್ತು. ಎರಡು ಗಡ್ಡೆ, ಜೊತೆಗೆ ಸಿರೋಸಿಸ್, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು ಇದ್ದುದರಿಂದ ಕೊಯ್ದು ತೆಗೆಯುವ ಮಾತು ಇರಲಿಲ್ಲ. ಲಿವರ್ ಕಸಿಗೆ ಗಡ್ಡೆಯ ಅಳತೆ ಮೀರಿತ್ತು. ಲಿವರ್ ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸುವ ಬಾರ್ಸಿಲೋನಾ ಪದ್ಧತಿಯಲ್ಲಿ ಇದು ‘ಬಿ’ ಹಂತ, ಅಂದರೆ ನಡುವಿನದು. ಟೇಸ್ ಮುಖ್ಯವಾಗಿ ಇಂಥವರಿಗಾಗಿಯೇ ಇರುವ ಚಿಕಿತ್ಸೆ.

ಇದರಿಂದ ರೋಗ ವಾಸಿಯಾಗುತ್ತದೆಯೇ ಎಂದು ಕೇಳಿದೆ. ಡಾಕ್ಟರ್ ನೇರವಾಗಿ “ಇಲ್ಲ, ಹಿಡಿದಿಡಬಹುದು” ಎಂದರು. ಆ ನೇರ ಮಾತಿಗೆ ನಾನು ಕೊಟ್ಟ ಅಂಕಗಳಲ್ಲಿ ದೊಡ್ಡ ಪಾಲಿದೆ. ಮನೆಗೆ ಬಂದು ಓದಿದೆ. 2002ರಲ್ಲಿ ಬಾರ್ಸಿಲೋನಾದ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಟೇಸ್ ಪಡೆದವರಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಶೇ. 63, ಬರೀ ಆರೈಕೆಯಷ್ಟೇ ಪಡೆದವರಲ್ಲಿ ಶೇ. 27. ಈ ಅಂಕಿಯನ್ನು ಅನೇಕ ಕಡೆ ತೋರಿಸುತ್ತಾರೆ. ಆದರೆ ಅದೇ ಅಧ್ಯಯನಕ್ಕೆ 903 ರೋಗಿಗಳನ್ನು ಪರಿಶೀಲಿಸಿ ಆರಿಸಿಕೊಂಡದ್ದು 112 ಮಂದಿಯನ್ನು ಮಾತ್ರ ಎಂಬುದನ್ನು ತೋರಿಸುವುದಿಲ್ಲ. ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ, ನಡೆದಾಡುವ, ಗಡ್ಡೆ ಲಿವರಿನ ಹೊರಗೆ ಹೋಗಿರದ ರೋಗಿಗೆ ಸಿಕ್ಕ ಫಲ ಅದು; ಎಲ್ಲರಿಗೂ ಅದೇ ಫಲ ಎಂದು ಯಾರಾದರೂ ಆಸೆ ತೋರಿಸಿದರೆ ಇನ್ನೊಬ್ಬ ಡಾಕ್ಟರನ್ನು ಕಾಣುವುದು ಮೇಲು.

ಹಣದ ವಿಷಯ ಹೆಚ್ಚು ಎಳೆಯುವುದಿಲ್ಲ. ಅವ್ವನ ಹೆಸರು ನನ್ನ ತಮ್ಮನ ಬಿ.ಪಿ.ಎಲ್. ಕಾರ್ಡಿನಲ್ಲಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎ.ಪಿ.ಎಲ್. ಆದವರಿಗೆ ನಿಗದಿತ ದರದ ಶೇ. 30ರಷ್ಟು ಮಾತ್ರ. ನಾವು ಮಾಡಿದ ತಪ್ಪೆಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ನೇರವಾಗಿ ಬೆಳಗಾವಿಗೆ ಹೋದದ್ದು. ಲೋಕಾಪುರ, ಯರಗಟ್ಟಿ ದಾಟಿ ಮೂರು ತಾಸಿನ ಮೇಲಿನ ದಾರಿ ಸವೆಸಿ ಹೋದ ಮೇಲೆ ಯೋಜನೆಯ ಕೌಂಟರಿನಲ್ಲಿ “ಪತ್ರ ಎಲ್ಲಿ?” ಎಂದರು. ತಮ್ಮ ಮರುದಿನ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೆ ತಿರುಗಿ ಹೋಗಿ ಪತ್ರ ತಂದ, ಒಪ್ಪಿಗೆ ಬರಲು ಮತ್ತೆ ಐದು ದಿನ ಕಳೆದವು. ಬೆಳಗಾವಿಯ ಕೌಂಟರಿನವರು ಒರಟಾಗಿ ಮಾತಾಡಲಿಲ್ಲ, ಆದರೆ ಯಾವ ಕಾಗದ ಬೇಕೆಂದು ಒಂದೇ ಸಲಕ್ಕೆ ಹೇಳಲೂ ಇಲ್ಲ. ದಿನಕ್ಕೊಂದು ಹೊಸ ಕಾಗದ ಹುಟ್ಟಿಕೊಳ್ಳುತ್ತಿತ್ತು.

ಇನ್ನು ಚಿಕಿತ್ಸೆಯ ದಿನ. ಹಿಂದಿನ ರಾತ್ರಿಯಿಂದ ಊಟವಿಲ್ಲ, ಬೆಳಿಗ್ಗೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯೆಟಿನಿನ್ ನೋಡಿದರು. ಬಣ್ಣದ ಔಷಧಿಯಲ್ಲಿ ಅಯೋಡಿನ್ ಇರುವುದರಿಂದ ಮೂತ್ರಪಿಂಡ ಸರಿ ಇರಬೇಕು. ಹನ್ನೊಂದು ಗಂಟೆಗೆ ಸ್ಟ್ರೆಚರ್ ಮೇಲೆ ಒಯ್ದು ಕ್ಯಾಥ್ ಲ್ಯಾಬಿನ ಹೊರಗಿನ ಪಡಸಾಲೆಯಲ್ಲಿ ಬಿಟ್ಟವರು ಒಳಗೆ ಕರೆದದ್ದು ಒಂದೂವರೆಗೆ. ಒಳಗೆ ಹೃದಯದ ತುರ್ತು ರೋಗಿಯೊಬ್ಬರು ಇದ್ದರಂತೆ. ಅದು ಸರಿಯೇ, ಜೀವ ಉಳಿಸುವ ಕೆಲಸ ಮೊದಲು. ಆದರೆ ಎ.ಸಿ.ಯ ಗಾಳಿ ನೇರ ಬೀಳುವ ಜಾಗದಲ್ಲಿ ತೆಳ್ಳನೆಯ ಹಸಿರು ಬಟ್ಟೆಯಲ್ಲಿ ಎರಡೂವರೆ ತಾಸು ಮಲಗಿದ್ದ ಮುದುಕಿಗೆ ಒಂದು ಕಂಬಳಿ ಕೊಡಲು ಯಾವ ತುರ್ತೂ ಅಡ್ಡ ಬರುವುದಿಲ್ಲ. ಕೊನೆಗೆ ನನ್ನ ಸೀರೆಯ ಮೇಲಿದ್ದ ಶಾಲನ್ನೇ ಹೊದಿಸಿದೆ.

ಒಳಗಿನದೆಲ್ಲ ಅವ್ವನೇ ಹೇಳಿದ್ದು, ಏಕೆಂದರೆ ಅವಳಿಗೆ ಪೂರ್ಣ ಎಚ್ಚರವಿತ್ತು. ಈ ಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಬಲ ತೊಡೆಸಂದಿನಲ್ಲಿ ಚರ್ಮಕ್ಕೆ ಮರಗಟ್ಟುವ ಸೂಜಿ ಕೊಟ್ಟರು, ಅದೊಂದೇ ಉರಿದದ್ದು. ಆಮೇಲೆ ಟೊಳ್ಳು ಸೂಜಿಯೊಂದನ್ನು ಅಪಧಮನಿಗೆ ಚುಚ್ಚಿ, ಅದರೊಳಗಿಂದ ತಂತಿ ತೂರಿಸಿ, ಸೂಜಿ ತೆಗೆದು, ತಂತಿಯ ಮೇಲೆ ನಳಿಕೆ ಜಾರಿಸಿದರು. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯ 1953ರಲ್ಲಿ ಬರೆದು ತಿಳಿಸಿದ ಈ ಸರಳ ಉಪಾಯದ ಮೇಲೆಯೇ ಇಂದಿನ ಕ್ಯಾಥೆಟರ್ ಚಿಕಿತ್ಸೆಗಳು ನಿಂತಿವೆ. ದೊಡ್ಡ ನಳಿಕೆಯೂ ದೊಡ್ಡದೇನಲ್ಲ: ಐದು ಫ್ರೆಂಚ್ ಎಂಬ ಅಳತೆಯದು, ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗ. ಅದರೊಳಗಿಂದ ಇನ್ನೂ ಸಣ್ಣದಾದ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಮೈಕ್ರೊಕ್ಯಾಥೆಟರ್ ಹೊರಟು ಮಹಾಪಧಮನಿಯಿಂದ ಯಕೃತ್ತಿನ ಕವಲಿಗೆ, ಅಲ್ಲಿಂದ ಬಲಗವಲಿಗೆ, ಅಲ್ಲಿಂದ ಗಡ್ಡೆಗೆ ಹೋಗುವ ಕೊಂಬೆಗೆ ತಿರುಗುತ್ತ ಹೋಗುತ್ತದೆ. ಅವ್ವ ತಲೆ ಓರೆ ಮಾಡಿ ಪರದೆಯ ಮೇಲೆ ಇದನ್ನು ನೋಡುತ್ತಿದ್ದಳು. ರಾತ್ರಿ ನನಗೆ ಹೇಳಿದಳು: “ಹಣಿಗಿಯೊಳಗ ಎಳಿ ಹಾಯಿಸಿದಂಗ ಹಾಯಿಸಿದ ನೋಡ ಆ ಹುಡುಗ. ಒಂದ ಎಳೀನೂ ಹರೀಲಿಲ್ಲ. ನಮ್ಮ ಮಗ್ಗದಾಗ ಇದ್ದರ ಛಲೋ ನೇಕಾರ ಆಕ್ಕಿದ್ದ.” ಗುಳೇದಗುಡ್ಡದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಬಣ್ಣದ ಔಷಧಿ ಬಿಡುವ ಮೊದಲು ಪ್ರತಿ ಸಲವೂ ಡಾಕ್ಟರ್ “ಅವ್ವಾರ, ಹೊಟ್ಟಿಯೊಳಗ ಬಿಸಿ ಬಿಸಿ ಅನಸ್ತೈತಿ, ಹೆದರಬ್ಯಾಡ್ರಿ, ಉಸರ ಹಿಡೀರಿ” ಎಂದು ಹೇಳಿಯೇ ಬಿಡುತ್ತಿದ್ದರಂತೆ. ಉಸಿರು ಹಿಡಿಯದಿದ್ದರೆ ಲಿವರ್ ಮೇಲೆ ಕೆಳಗೆ ಸರಿದು ಚಿತ್ರ ಕಲಕುತ್ತದೆ. ಒಬ್ಬ ತಂತ್ರಜ್ಞ ತಾನಾಗಿಯೇ ಕಂಬಳಿ ತಂದು ಕಾಲಿಗೆ ಹೊದಿಸಿದನಂತೆ; ಪಡಸಾಲೆಯಲ್ಲಿ ಎರಡೂವರೆ ತಾಸು ಸಿಗದ ಕಂಬಳಿ ಒಳಗೆ ಎರಡು ನಿಮಿಷದಲ್ಲಿ ಸಿಕ್ಕಿತು.

ಔಷಧಿಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೋ ಔಷಧಿಯನ್ನು ಲಿಪಿಯೋಡಾಲ್ ಎಂಬ ಎಣ್ಣೆಯ ಜೊತೆ, ಎರಡು ಸಿರಿಂಜುಗಳ ನಡುವೆ ಆಚೆ ಈಚೆ ತಳ್ಳಿ ತಳ್ಳಿ, ಮಜ್ಜಿಗೆ ಕಡೆದಂತೆ ಬೆರೆಸುತ್ತಾರೆ. ಲಿಪಿಯೋಡಾಲ್ ಎಂದರೆ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ; ಪ್ಯಾರಿಸ್ಸಿನಲ್ಲಿ 1901ರಲ್ಲಿಯೇ ತಯಾರಾದದ್ದು. ಗಡ್ಡೆಯ ಸೊಟ್ಟ ಸೊಟ್ಟ ರಕ್ತನಾಳಗಳಲ್ಲಿ ಈ ಎಣ್ಣೆ ಸಿಕ್ಕಿಕೊಂಡು ವಾರಗಟ್ಟಲೆ ಅಲ್ಲಿಯೇ ಕೂರುತ್ತದೆ, ಜೊತೆಗೆ ಔಷಧಿಯನ್ನೂ ಹಿಡಿದುಕೊಳ್ಳುತ್ತದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತ ತಾನಿರುವ ಜಾಗವನ್ನೂ ತೋರಿಸುತ್ತದೆ. ಅದರ ಹಿಂದೆ ಜೆಲ್‌ಫೋಮ್ ಎಂಬ ಜೆಲಟಿನ್ನಿನ ಸಣ್ಣ ಸಣ್ಣ ಚೂರುಗಳನ್ನು ಬಿಟ್ಟು ದಾರಿ ಮುಚ್ಚುತ್ತಾರೆ. ಮುಗಿದ ಮೇಲೆ ಡಾಕ್ಟರ್ ನನ್ನನ್ನು ಗಾಜಿನಾಚೆಯ ಕೋಣೆಗೆ ಕರೆದು ಎರಡು ಚಿತ್ರ ತೋರಿಸಿದರು: ಮೊದಲನೆಯದರಲ್ಲಿ ಬಲಗಡೆ ಜಾಲಿಯ ಮುಳ್ಳುಪೊದೆಯಂತೆ ಕಪ್ಪು ನಾಳಗಳ ಗೋಜಲು, ಎರಡನೆಯದರಲ್ಲಿ ಕಾಂಡವಿದೆ, ಪೊದೆಯಿಲ್ಲ. ಗಸಗಸೆಯ ವಿಷಯ ಅವ್ವನಿಗೆ ಹೇಳಿದಾಗ ಅವಳು ನಂಬಲಿಲ್ಲ. “ಹುಗ್ಗಿಗೆ ಹಾಕೂ ಗಸಗಸೀನ? ಹಂಗಾದ್ರ ಮನಿಯಾಗ ಐತೆಲ್ಲ” ಎಂದಳು. ದಯವಿಟ್ಟು ಇದನ್ನು ಓದಿ ಯಾರೂ ಗಸಗಸೆ ಅರೆದು ಕುಡಿಸಲು ಹೋಗಬೇಡಿ. ಅದು ಗಡ್ಡೆಯನ್ನು ಮುಟ್ಟುವುದು ನಳಿಕೆಯ ದಾರಿಯಲ್ಲಿ ಮಾತ್ರ.

ತೊಡೆಸಂದಿನಿಂದ ಮಾಡಿದ್ದರಿಂದ ಆರು ತಾಸು ಕಾಲು ಮಡಚದೆ ಮಲಗಬೇಕಾಯಿತು. ಚಿಕಿತ್ಸೆಗಿಂತ ಅದೇ ಕಷ್ಟವೆಂದು ಅವ್ವ ಇಂದಿಗೂ ಹೇಳುತ್ತಾಳೆ. ಮರುದಿನ ಸ್ವಲ್ಪ ಹೊಟ್ಟೆನೋವು, ಒಂದೆರಡು ವಾಂತಿ. ಮೂರನೆಯ ದಿನ ಬೆಳಿಗ್ಗೆ ಡಿಸ್ಚಾರ್ಜ್ ಎಂದರು.

ನನ್ನ ದೊಡ್ಡ ದೂರು ಇಲ್ಲಿಂದ ಆರಂಭ. ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಗುಳಿಗೆಗಳ ಹೆಸರು, ಕೊನೆಗೆ ಆರು ವಾರಕ್ಕೆ ಸಿ.ಟಿ. ಮಾಡಿಸಿ ಬನ್ನಿ ಎಂಬ ಒಂದು ಸಾಲು. ಡಿಸ್ಚಾರ್ಜ್ ಮಾಡಿದವರು ಕ್ಯಾಥ್ ಲ್ಯಾಬಿನ ಡಾಕ್ಟರಲ್ಲ, ಅಂದು ವಾರ್ಡಿನಲ್ಲಿದ್ದ ಕಿರಿಯ ವೈದ್ಯರು. ಅವರು ಹೇಳಿದ್ದು “ಎಲ್ಲಾ ಆರಾಮ ಐತಿ, ಊಟಾ ಮಾಡಸ್ರಿ” ಎಂದಷ್ಟೇ. ಅಂದು ರಾತ್ರಿ ಗುಳೇದಗುಡ್ಡದಲ್ಲಿ ಅವ್ವನಿಗೆ 101 ಡಿಗ್ರಿ ಜ್ವರ, ಬಲ ಪಕ್ಕೆಯ ಕೆಳಗೆ ಬಿಗಿಯಾದ ನೋವು, ನೀರು ಕುಡಿದರೂ ವಾಂತಿ. ಡಿಸ್ಚಾರ್ಜ್ ಕಾಗದದ ಮೇಲಿದ್ದ ನಂಬರಿಗೆ ಹನ್ನೊಂದು ಗಂಟೆಯಿಂದ ಒಂದರವರೆಗೆ ಏಳು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಗಡ್ಡೆ ಒಡೆಯಿತೋ, ಕೀವಾಯಿತೋ, ಲಿವರೇ ನಿಂತಿತೋ ಎಂದು ಮನೆಯವರೆಲ್ಲ ಅಂಗಳದಲ್ಲಿ ಕೂತೆವು. ತಮ್ಮ ಊರಿನ ಪರಿಚಯದ ಡಾಕ್ಟರನ್ನು ಎಬ್ಬಿಸಿ ಕರೆತಂದ. ಅವರು ಒಳ್ಳೆಯ ಮನಸ್ಸಿನಿಂದಲೇ ಜ್ವರ-ನೋವಿಗೆಂದು ಡೈಕ್ಲೋಫಿನ್ಯಾಕ್ ಇಂಜೆಕ್ಷನ್ ತುಂಬಿದರು. ಸಿರೋಸಿಸ್ ಇದ್ದವರಿಗೆ ಆ ಜಾತಿಯ ನೋವಿನ ಔಷಧಿ ಮೂತ್ರಪಿಂಡಕ್ಕೂ ಅನ್ನನಾಳದ ಉಬ್ಬಿದ ನಾಳಗಳಿಗೂ ಅಪಾಯವೆಂದು ಹಿಂದೆ ಬಾಗಲಕೋಟೆಯ ಡಾಕ್ಟರೊಬ್ಬರು ಹೇಳಿದ್ದು ನನಗೆ ಥಟ್ಟನೆ ನೆನಪಾಯಿತು. ಸೂಜಿ ಅವ್ವನ ತೋಳಿನಿಂದ ಒಂದು ಗೇಣು ದೂರದಲ್ಲಿತ್ತು. “ಡಾಕ್ಟರ್ ಸಾಹೇಬ್ರ, ಒಂದ ನಿಮಿಷ ನಿಲ್ರಿ, ಅಕಿಗೆ ಸಿರೋಸಿಸ್ ಐತ್ರಿ” ಎಂದೆ. ಅವರು ನಿಂತರು, ಕಾಗದ ಓದಿದರು, ಸೂಜಿ ಕೆಳಗಿಟ್ಟರು, ಪ್ಯಾರಾಸಿಟಮಾಲ್ ಕೊಟ್ಟರು, ಗ್ಲೂಕೋಸ್ ಹಚ್ಚಿದರು. ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು, ಮತ್ತೆ ಏರಿತು, ಹೀಗೆ ಐದು ದಿನ ಕಳೆದು ತಾನಾಗಿ ಹೋಯಿತು.

ಇದು ಅಪರೂಪದ ತೊಂದರೆಯಲ್ಲವೆಂದು ಆಮೇಲೆ ತಿಳಿಯಿತು. ರಕ್ತ ನಿಂತ ಗಡ್ಡೆ ಸಾಯುವಾಗ ಜ್ವರ, ನೋವು, ಓಕರಿಕೆ ಬರುವುದು ಟೇಸ್ ನಂತರ ಅನೇಕರಲ್ಲಿ ಕಾಣುವ ಸಂಗತಿ. ಅದಕ್ಕೆ ಪೋಸ್ಟ್ ಎಂಬೊಲೈಸೇಶನ್ ಸಿಂಡ್ರೋಮ್ ಎಂದು ಹೆಸರೇ ಇದೆ, ಕೆಲವು ದಿನಗಳಿಂದ ಒಂದು ವಾರದೊಳಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅಂದರೆ ಆಸ್ಪತ್ರೆಯವರಿಗೆ ಇದು ಬರಬಹುದೆಂದು ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಎರಡು ನಿಮಿಷ ಕೂತು ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಇಷ್ಟೇ: ಜ್ವರ ಬಂದರೆ ಹೆದರಬೇಡಿ; ಪ್ಯಾರಾಸಿಟಮಾಲನ್ನು ದಿನಕ್ಕೆ ಎರಡು ಗ್ರಾಂ ಮೀರದಂತೆ, ಅಂದರೆ 500 ಮಿ.ಗ್ರಾಂ.ನ ನಾಲ್ಕು ಗುಳಿಗೆಯೊಳಗೆ ಕೊಡಿ. ಬೇರೆ ನೋವಿನ ಗುಳಿಗೆ, ಸೂಜಿ ಬೇಡವೇ ಬೇಡ. ಆದರೆ ಚಳಿನಡುಕದ ಜ್ವರ ಬಂದರೆ, ವಾರ ಕಳೆದರೂ ಜ್ವರ ಬಿಡದಿದ್ದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಾತು ತೊದಲಿದರೆ, ಮಲ ಕಪ್ಪಾದರೆ ಕೂಡಲೇ ಕರೆತನ್ನಿ. ಕ್ಯಾಥ್ ಲ್ಯಾಬಿನೊಳಗೆ ಪ್ರತಿ ಬಿಸಿಗೂ ಮೊದಲು “ಹೆದರಬ್ಯಾಡ್ರಿ” ಎಂದ ಆಸ್ಪತ್ರೆಯೇ ಮನೆಯಲ್ಲಿ ಬರುವ ಬಿಸಿಯ ಬಗ್ಗೆ ಬಾಯಿ ಬಿಡಲಿಲ್ಲ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಕನ್ನಡದಲ್ಲಿ ಅರ್ಧ ಹಾಳೆ ಸಾಕು. ಹಾಗೆ ನೋಡಿದರೆ ಚಿಕಿತ್ಸೆಗೆ ಮೊದಲು ಸಹಿ ಹಾಕಿಸಿದ ಒಪ್ಪಿಗೆ ಪತ್ರವೂ ಇಂಗ್ಲಿಷಿನಲ್ಲಿಯೇ ಇತ್ತು. ಅವ್ವ ಕನ್ನಡದಲ್ಲಿ ಸಹಿ ಮಾಡಿದಳು, ಯಾವುದಕ್ಕೆಂದು ಓದಲಾಗದೆ.

ಆರು ವಾರದ ಸಿ.ಟಿ.ಯಲ್ಲಿ ದೊಡ್ಡ ಗಡ್ಡೆಯ ಬಹುಭಾಗ ಸತ್ತಿತ್ತು, ಮೇಲಂಚಿನಲ್ಲಿ ಮಾತ್ರ ಒಂದು ಪಟ್ಟಿ ಇನ್ನೂ ಹೊಳೆಯುತ್ತಿತ್ತು. ಗಡ್ಡೆಯ ಗಾತ್ರ ಹೆಚ್ಚೇನೂ ಇಳಿದಿರಲಿಲ್ಲ, ಅದಕ್ಕೆ ನಮ್ಮವರೆಲ್ಲ ನಿರಾಶರಾದರು. ಆದರೆ ಈ ಚಿಕಿತ್ಸೆಯ ನಂತರ ಮೊದಲು ನೋಡುವುದು ಗಡ್ಡೆ ಎಷ್ಟು ಚಿಕ್ಕದಾಯಿತು ಎಂಬುದನ್ನಲ್ಲ, ಅದರಲ್ಲಿ ರಕ್ತ ಹರಿಯುವ ಜೀವಂತ ಭಾಗ ಎಷ್ಟು ಉಳಿಯಿತು ಎಂಬುದನ್ನು. ಉಳಿದ ಪಟ್ಟಿಗಾಗಿ ಎರಡನೆಯ ಸಲ ಟೇಸ್ ಆಯಿತು. ಈ ಸಲ ನಾನೇ ಕೇಳಿದೆ, ತೊಡೆಸಂದಿನ ಬದಲು ಕೈಯ ನಾಳದಿಂದ ಮಾಡಬಹುದೇ ಎಂದು. ನಾಡಿ ನೋಡಿ ಎಡಗೈಯ ಮಣಿಕಟ್ಟಿನಿಂದ ಮಾಡಿದರು. ಎರಡು ತಾಸಿಗೆಲ್ಲ ಅವ್ವ ಎದ್ದು ಶೌಚಕ್ಕೆ ತಾನೇ ನಡೆದು ಹೋದಳು. ಮೊದಲ ಸಲವೇ ಇದನ್ನು ಏಕೆ ಹೇಳಲಿಲ್ಲವೆಂದರೆ ಎಲ್ಲರ ಕೈಯ ನಾಳವೂ ಒಗ್ಗುವುದಿಲ್ಲ ಎಂದರು. ಒಗ್ಗುತ್ತದೆಯೋ ಎಂದು ನೋಡಿರಲೂ ಇಲ್ಲ. ಈ ಸಲವೂ ಜ್ವರ ಬಂತು, ಮೂರು ದಿನ. ಯಾರೂ ಅಂಗಳದಲ್ಲಿ ಕೂರಲಿಲ್ಲ. ಕೂದಲು ಉದುರುತ್ತದೆಂದು ಹೆದರಿಸಿದವರಿದ್ದರು, ಅವ್ವನ ತುರುಬು ಎರಡೂ ಸಲ ಹಾಗೆಯೇ ಉಳಿಯಿತು. ಎರಡನೆಯ ಸಿ.ಟಿ.ಯಲ್ಲಿ ಹೊಳೆಯುವ ಭಾಗ ಕಾಣಲಿಲ್ಲ, ಹೆಪಟೈಟಿಸ್ ಸಿ ಗುಳಿಗೆಗಳನ್ನು ಆಮೇಲೆ ಶುರು ಮಾಡಿದರು. ಸಿರೋಸಿಸ್ ಇರುವ ಲಿವರಿನಲ್ಲಿ ಬೇರೆ ಕಡೆ ಹೊಸದು ಏಳಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪದು.

ಇನ್ನೆರಡು ಬಗೆಯ ಚಿಕಿತ್ಸೆಗಳ ಹೆಸರು ಕಿವಿಗೆ ಬೀಳುತ್ತವೆ. ಎಣ್ಣೆಯ ಬದಲು ಔಷಧಿ ಹೀರಿಕೊಂಡ ಸಣ್ಣ ಮಣಿಗಳನ್ನು ಬಿಡುವುದು ಒಂದು. ನಮಗೆ ಮಣಿಗಳ ಖರ್ಚು ಬೇರೆ ಬೀಳುತ್ತದೆ ಎಂದರು. ಎಣ್ಣೆಯ ಟೇಸ್ ಮತ್ತು ಮಣಿಯ ಟೇಸ್ ಹೋಲಿಸಿದ ಅಧ್ಯಯನಗಳಲ್ಲಿ ಬದುಕುವ ಅವಧಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲವಾದ್ದರಿಂದ ನಾವು ಎಣ್ಣೆಯನ್ನೇ ಒಪ್ಪಿದೆವು. ಇನ್ನೊಂದು ಟೇರ್, ಅಂದರೆ ಯಟ್ರಿಯಮ್-90 ಎಂಬ ವಿಕಿರಣ ಸೂಸುವ ಮಣಿಗಳು. ಕೂದಲೆಳೆಗಿಂತ ಸಣ್ಣವಾದ ಇವು ನಾಳವನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ ಒಳಗೆ ಕೂತು ಕೆಲವೇ ಮಿಲಿಮೀಟರ್ ದೂರಕ್ಕೆ ವಿಕಿರಣ ಸುರಿಯುತ್ತವೆ. ಸುಮಾರು 64 ತಾಸಿಗೊಮ್ಮೆ ಅವುಗಳ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಪೋರ್ಟಲ್ ನಾಳ ಕಟ್ಟಿಕೊಂಡವರಲ್ಲಿಯೂ ಕೆಲವರಿಗೆ ಇದು ಆದೀತು. ಆದರೆ ಮೊದಲು ಪ್ರತ್ಯೇಕವಾಗಿ ಒಂದು ಪೂರ್ವಪರೀಕ್ಷೆ ಮಾಡಿ ಮಣಿಗಳು ಶ್ವಾಸಕೋಶಕ್ಕೆ ಸೋರುತ್ತವೆಯೇ ಎಂದು ನೋಡಬೇಕು, ಖರ್ಚು ಹಲವು ಲಕ್ಷ. ನಮಗೆ ಅದು ಬೇಕಿದ್ದರೆ ಬೆಂಗಳೂರಿಗೋ ಮುಂಬೈಗೋ ಹೋಗಿ ಎಂದಿದ್ದರು. ಅವ್ವನ ಸ್ಥಿತಿಗೆ ಅದರಿಂದ ಹೆಚ್ಚಿನ ಲಾಭವೇನೂ ಇಲ್ಲವೆಂದೂ ಅವರೇ ಹೇಳಿದರು, ಮಾರಲು ನೋಡಲಿಲ್ಲ. ಅದಕ್ಕೂ ಅಂಕ ಕೊಟ್ಟಿದ್ದೇನೆ.

ಬೆಳಗಾವಿಗೆ ಹೋಗುವವರಿಗೆ ಉಳಿದದ್ದು ಸಣ್ಣ ವಿಷಯಗಳು. ರೆಫರಲ್ ಪತ್ರ, ರೇಷನ್ ಕಾರ್ಡ್, ಆಧಾರ್ ಮೂರರದೂ ಮೂರು ಮೂರು ಪ್ರತಿ ಒಯ್ಯಿರಿ. ದಪ್ಪನೆಯ ಕೌದಿಯೊಂದು ಚೀಲದಲ್ಲಿರಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅವರು ಕೇಳುವವರೆಗೆ ಕಾಯದೆ ನೀವೇ ಹೇಳಿ. ವಾರ್ಡಿನಲ್ಲಿ ಯಾರಾದರೂ “ಕುಡೀತಿದ್ರೇನ್ರಿ?” ಎಂದರೆ ಸಿಟ್ಟಾಗಬೇಡಿ, ಕೇಸ್ ಹಾಳೆಯ ಮೇಲೆ ಹೆಪಟೈಟಿಸ್ ಸಿ ಎಂದು ದೊಡ್ಡದಾಗಿ ಬರೆಸಿ, ನಾವು ಹಾಗೆ ಬರೆಸಿದ ಮೇಲೆ ಎರಡನೆಯ ಸಲ ಆ ಪ್ರಶ್ನೆ ಒಂದೇ ಒಂದು ಸಲ ಬಂತು. ಡಿಸ್ಚಾರ್ಜಿನ ದಿನ ಕ್ಯಾಥ್ ಲ್ಯಾಬಿನ ಡಾಕ್ಟರನ್ನೇ ಕಂಡು ಜ್ವರದ ವಿಷಯ ಬಾಯಿಬಿಟ್ಟು ಕೇಳಿ, ರಾತ್ರಿ ಎತ್ತುವ ನಂಬರ್ ಯಾವುದೆಂದು ಅಲ್ಲಿಯೇ ನಿಂತು ಒಂದು ಸಲ ಹಚ್ಚಿ ನೋಡಿ. ಆಂಜಿಯೋಗ್ರಾಮ್ ಚಿತ್ರಗಳ ಸಿ.ಡಿ. ತಾವಾಗಿ ಕೊಡುವುದಿಲ್ಲ, ಕೇಳಿದರೆ ಕೊಡುತ್ತಾರೆ. ಮೊದಲ ಸಲದ್ದನ್ನು ಕೇಳದೆ ಬಂದು, ಅದಕ್ಕಾಗಿಯೇ ತಮ್ಮ ಮತ್ತೊಂದು ಸಲ ಬಸ್ಸು ಹತ್ತಬೇಕಾಯಿತು.